ಯಾವ ಟ್ಯಾಂಕು, ಎಲ್ಲಿಯದು?

ಆಧುನಿಕ ಯುದ್ಧ ಟ್ಯಾಂಕಿನ ಮಾದರಿ ಕಿಟ್ ಒಂದನ್ನು ಕೊಳ್ಳಬೇಕು, ಯಾವುದು ಒಳ್ಳೆಯದು ಎಂದು ಈ ಹವ್ಯಾಸದಲ್ಲಿ ಪಳಗಿದವರನ್ನು ಕೇಳಿ ನೋಡಿ. ಉತ್ತರ ಬಾಯಿಪಾಠದಂತೆ ಬರುತ್ತದೆ. ತಮಿಯಾ ಆದರೆ ಭಾಗಗಳು ತಕರಾರಿಲ್ಲದೆ ಕೂರುತ್ತವೆ. ಮೆಂಗ್ ಆದರೆ ವಿವರ ಚೆನ್ನಾಗಿದೆ. ರೈ ಫೀಲ್ಡ್‌ಗೆ ಕೈ ಹಾಕಬೇಡ, ನಿನ್ನ ಥೀಸಿಸ್ ಮುಗಿಯುವುದಿಲ್ಲ. ಟ್ರ್ಯಾಕಿನ ಕೊಂಡಿಗಳು ಬಿಡಿಬಿಡಿಯಾಗಿ ಬರುತ್ತವೆಯೋ, ಇಡೀ ಪಟ್ಟಿಯಾಗಿಯೋ? ಒಳಾಂಗಣ ಇದೆಯೋ? ಒಟ್ಟು ಎಷ್ಟು ಭಾಗ? ಇದರಲ್ಲಿ ಯಾವುದೂ ಸುಳ್ಳಲ್ಲ. ಆದರೆ ಯಾವ ಕಾದಂಬರಿ ಓದಲಿ ಎಂದು ಕೇಳಿದವರಿಗೆ ಪುಟ ಎಷ್ಟು, ಕಾಗದ ಎಷ್ಟು ದಪ್ಪ, ಹೊಲಿಗೆ ಬೈಂಡಿಂಗೋ ಅಂಟಿನ ಬೈಂಡಿಂಗೋ ಎಂದಷ್ಟೇ ಹೇಳಿ ಕಳಿಸಿದರೆ ಹೇಗಿರುತ್ತದೋ ಇದೂ ಹಾಗೇ.

ಇನ್ನೊಂದು ಕಡೆ ನನ್ನ ವಿಭಾಗದ ಗೆಳೆಯರಿದ್ದಾರೆ. 'ಸಾಹಿತ್ಯ ಓದೋನು ಕೂತ್ಕೊಂಡು ಟ್ಯಾಂಕ್ ಜೋಡಿಸ್ತೀಯಲ್ಲ ಮಾರಾಯಾ' ಎನ್ನುತ್ತಾರೆ. ಅವರ ಪಾಲಿಗೆ ಟ್ಯಾಂಕ್ ಎಂದರೆ ಯುದ್ಧ, ಯುದ್ಧ ಎಂದರೆ ಕೆಟ್ಟದ್ದು, ಮಾತು ಮುಗಿಯಿತು. ಮೇಲ್ನೋಟಕ್ಕೆ ಈ ಎರಡು ಗುಂಪುಗಳು ಎಣ್ಣೆ ಸೀಗೆಕಾಯಿ. ನನಗೆ ಕಾಣುವಂತೆ ಇಬ್ಬರದೂ ಒಂದೇ ಸೋಮಾರಿತನ. ಒಬ್ಬರಿಗೆ ಅದು ಯಂತ್ರ, ಇನ್ನೊಬ್ಬರಿಗೆ ಸಂಕೇತ. ಯಾವ ಟ್ಯಾಂಕು, ಎಲ್ಲಿ, ಯಾವ ವರ್ಷ ಎಂದು ಕೇಳುವ ಗರಜು ಇಬ್ಬರಿಗೂ ಇಲ್ಲ. ನನ್ನ ತಕರಾರು ಇಷ್ಟೇ: ಕಿಟ್ ಆರಿಸುವಾಗ ಆ ಪ್ರಶ್ನೆ ಮೊದಲು ಬರಬೇಕು, ಕಂಪನಿಯ ಹೆಸರು ಆಮೇಲೆ.

ಮೊದಲಿಗೆ 'ನಿಖರತೆ'ಯ ಭಕ್ತರಿಗೆ ಒಂದು ಮಾತು. ಇವತ್ತು ಜಗತ್ತಿನಾದ್ಯಂತ ಟ್ಯಾಂಕ್ ಮಾದರಿಗೆ ಒಪ್ಪಿತವಾಗಿರುವ ಅಳತೆ 1/35. ಅಂದರೆ ಹತ್ತಿರಹತ್ತಿರ ಹತ್ತು ಮೀಟರ್ ಉದ್ದದ ಅಮೆರಿಕದ ಏಬ್ರಮ್ಸ್ ಟ್ಯಾಂಕು, ಫಿರಂಗಿಯ ನಳಿಗೆಯೂ ಸೇರಿ, ಸುಮಾರು 28 ಸೆಂಟಿಮೀಟರಿಗೆ ಇಳಿಯುತ್ತದೆ. ಈ ಅಳತೆ ಎಲ್ಲಿಂದ ಬಂತು? ಜಪಾನಿನ ಶಿಜುವೋಕಾದ ತಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಮೋಟಾರಿನಿಂದ ಓಡುವ ಪ್ಯಾಂಥರ್ ಟ್ಯಾಂಕಿನ ಕಿಟ್ ಮಾಡಿತು. ಒಳಗೆ ಮೋಟಾರು, ಬ್ಯಾಟರಿ ಹಿಡಿಯುವಷ್ಟು ದೊಡ್ಡದಾಗಿ ಅದನ್ನು ಮಾಡಿದರು. ಆಮೇಲೆ ಅಳೆದು ನೋಡಿದರೆ ಅದು ಸುಮಾರು 1/35 ಆಗಿತ್ತು. ಅದೇ ಮುಂದೆ ಇಡೀ ಉದ್ಯಮದ ಶಾಸ್ತ್ರವಾಯಿತು. ಚಕ್ರದ ಬೋಲ್ಟುಗಳನ್ನು ಲೆಕ್ಕ ಹಾಕಿ ಜಗಳಕ್ಕೆ ನಿಲ್ಲುವವರ ಶಾಸ್ತ್ರದ ಬುಡದಲ್ಲಿ ಕೂತಿರುವುದು ಬ್ಯಾಟರಿ!

ಬೋಲ್ಟ್ ಎಣಿಸುವುದನ್ನು ನಾನು ಹಂಗಿಸುತ್ತಿಲ್ಲ. ಎಣಿಸಿ. ಆದರೆ ಅದೇ ಜನ, ಆ ಟ್ಯಾಂಕು ಯಾವ ಊರಿನ ಬೀದಿಯಲ್ಲಿ ಓಡಿತು ಎಂದು ಕೇಳಿದರೆ, 'ಹವ್ಯಾಸದಲ್ಲಿ ರಾಜಕೀಯ ತರಬೇಡಪ್ಪಾ, ಬರೀ ಪ್ಲಾಸ್ಟಿಕ್ ಇದು' ಎನ್ನುತ್ತಾರೆ. ಬರೀ ಪ್ಲಾಸ್ಟಿಕ್ ಆಗಿದ್ದರೆ ಬೋಲ್ಟು ಒಂದು ಕಡಿಮೆಯಾದರೆ ನಿದ್ದೆ ಯಾಕೆ ಕೆಡಬೇಕು? ಚಕ್ರದ ವಿಷಯಕ್ಕೆ ಲೋಕದ ಸತ್ಯ ಬೇಕು, ಚಕ್ರ ಹಾದುಹೋದ ಜಾಗದ ವಿಷಯಕ್ಕೆ ಬೇಡ. ಈ ಅನುಕೂಲದ ಮುಗ್ಧತೆ ನನಗೆ ಒಪ್ಪಿಗೆಯಿಲ್ಲ.

ಏಬ್ರಮ್ಸ್ ವಿಷಯವನ್ನೇ ತೆಗೆದುಕೊಳ್ಳಿ. ಎಂ1ಎ1 ಎಂಬ ಮಾದರಿ 1991ರ ಕೊಲ್ಲಿ ಯುದ್ಧದ ರೂಪದಲ್ಲಿ ಸಿಗುತ್ತದೆ: ಮರಳು ಬಣ್ಣ, ನುಣುಪಾದ ಪಕ್ಕೆಗಳು. ಈ ಟ್ಯಾಂಕನ್ನು ಕಲ್ಪಿಸಿಕೊಂಡಿದ್ದು ಯುರೋಪಿನ ಬಯಲಿನಲ್ಲಿ ಸೋವಿಯತ್ ಟ್ಯಾಂಕುಗಳನ್ನು ದೂರದಿಂದಲೇ ಹೊಡೆಯುವುದಕ್ಕೆ. ಅದರ ಪಕ್ಕದಲ್ಲೇ ಎಂ1ಎ2 'ಟಸ್ಕ್' ಎಂಬ ಕಿಟ್ ಇರುತ್ತದೆ. 2003ರ ನಂತರ ಇರಾಕಿನ ನಗರಗಳಲ್ಲಿ ಏಟು ತಿಂದ ಮೇಲೆ ಇದೇ ಟ್ಯಾಂಕಿಗೆ ತೊಡಿಸಿದ ಹೆಚ್ಚುವರಿ ಸರಂಜಾಮಿನ ಹೆಸರು ಅದು. ಪಕ್ಕೆಗೆ ಸ್ಫೋಟಕ ತುಂಬಿದ ರಕ್ಷಣಾ ಹಲಗೆಗಳು, ಮೇಲೆ ತಲೆ ಹೊರಹಾಕುವ ಸೈನಿಕನ ಸುತ್ತ ಗುರಾಣಿ, ಹಿಂಬದಿಯಲ್ಲಿ ಒಂದು ಸಣ್ಣ ಟೆಲಿಫೋನ್ ಪೆಟ್ಟಿಗೆ. ಆ ಪೆಟ್ಟಿಗೆ ಕಿಟ್‌ನಲ್ಲಿ ಬೆರಳ ತುದಿಯಲ್ಲಿ ಕೂರುವಷ್ಟು ಪುಟ್ಟದು, ಚಿಮುಟದಿಂದ ಹಿಡಿದು ಅಂಟಿಸಬೇಕು. ಹಿಂದೆ ನಡೆದು ಬರುವ ಕಾಲಾಳು ಒಳಗಿರುವವನ ಜತೆ ಮಾತಾಡಲಿ ಎಂದು ಅದನ್ನು ಇಟ್ಟಿದ್ದು. ಅಂದರೆ ಟ್ಯಾಂಕು ಬಯಲು ಬಿಟ್ಟು ಓಣಿಗೆ ಬಂದಿದೆ. ಶತ್ರು ಮೈಲಿ ದೂರದಲ್ಲಿಲ್ಲ, ಮಹಡಿ ಮೇಲೆ ಇರಬಹುದು. ಅದೇ ಮಹಡಿಯಲ್ಲಿ ಮಕ್ಕಳೂ ಮಲಗಿರಬಹುದು. ಎರಡು ಯುದ್ಧಗಳ ನಡುವಿನ ವ್ಯತ್ಯಾಸ ಆ ಫೋನ್ ಪೆಟ್ಟಿಗೆಯಲ್ಲಿದೆ. 'ಟಸ್ಕ್ ತಗೋ, ಭಾಗ ಜಾಸ್ತಿ, ನೋಡೋಕೆ ಭರ್ಜರಿ' ಎನ್ನುವ ಸಲಹೆಗಾರರಿಗೆ ಇದು ಕಾಣುವುದಿಲ್ಲ. ಟ್ಯಾಂಕ್ ಎಂದರೆ ಟ್ಯಾಂಕ್ ಎನ್ನುವ ಗೆಳೆಯರಿಗೂ ಕಾಣುವುದಿಲ್ಲ.

ರಷ್ಯಾದ ಟಿ-14 ಅರ್ಮಾಟಾದ ಕಥೆ ಇದಕ್ಕೆ ತದ್ವಿರುದ್ಧ. 2015ರ ಮೇ ತಿಂಗಳಲ್ಲಿ ಮಾಸ್ಕೋದ ಕೆಂಪು ಚೌಕದ ಮೆರವಣಿಗೆಯಲ್ಲಿ ಅದು ಲೋಕಕ್ಕೆ ಮುಖ ತೋರಿಸಿತು. ತಾಲೀಮಿನ ದಿನ ಒಂದು ಟ್ಯಾಂಕು ಚೌಕದಲ್ಲೇ ನಿಂತುಬಿಟ್ಟು ನಗೆಪಾಟಲಾಯಿತು. ಆದರೂ ಕೆಲವೇ ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಕಂಪನಿಗಳು ಪೈಪೋಟಿಯ ಮೇಲೆ ಅದರ ಕಿಟ್ ಹೊರತಂದವು. ಸೈನ್ಯದಲ್ಲಿರುವುದಕ್ಕಿಂತ ಹೆಚ್ಚು ಅರ್ಮಾಟಾಗಳು ಹವ್ಯಾಸಿಗಳ ಕಪಾಟುಗಳಲ್ಲಿವೆ ಎಂದು ನಾನು ಪಂದ್ಯ ಕಟ್ಟಬಲ್ಲೆ. ಅದರಲ್ಲಿ ಓದುವುದಕ್ಕೆ ಏನಿದೆ? ಮೆರವಣಿಗೆ. ಮದುವೆ ಮನೆಯ ಆಲ್ಬಮ್ ನೋಡಿ ಸಂಸಾರ ಅರ್ಥ ಮಾಡಿಕೊಳ್ಳಲು ಹೊರಟ ಹಾಗೆ.

ಹಾಗಾದರೆ ಯಾವುದು? ನನ್ನ ವೋಟು ಟಿ-72ಕ್ಕೆ. ಚೆಂದದ್ದು ಎಂದಲ್ಲ. 1970ರ ದಶಕದಿಂದ ಇವತ್ತಿನ ತನಕ ಇಷ್ಟೊಂದು ದೇಶಗಳ ಬಾವುಟ ಹೊತ್ತು, ಇಷ್ಟೊಂದು ಕಡೆ ಸುಟ್ಟು ನಿಂತ ಟ್ಯಾಂಕು ಮತ್ತೊಂದು ಸಿಗುವುದು ಕಷ್ಟ. 1991ರಲ್ಲಿ ಇರಾಕಿನದು, ಆಮೇಲೆ ಚೆಚೆನ್ಯಾದಲ್ಲಿ, ಸಿರಿಯಾದಲ್ಲಿ, 2022ರಿಂದ ಉಕ್ರೇನಿನಲ್ಲಿ ಎರಡೂ ಪಾಳಯಗಳಲ್ಲಿ. ಟರೆಟ್ಟಿನ ಮೇಲೆ ಕಬ್ಬಿಣದ ಪಂಜರ ಕಟ್ಟಿದ್ದರೆ ಅದು ಆಕಾಶದಿಂದ ಬರುವ ಡ್ರೋನಿಗೆ ಹೆದರಿದ ಕಾಲದ್ದು. ಈ ಯುದ್ಧ ಮುಗಿಯುವ ಮೊದಲೇ ಅದರ ಗುರುತುಗಳಿರುವ ಡೆಕಾಲ್ ಹಾಳೆಗಳು ಮಾರಾಟಕ್ಕೆ ಬಂದವು. ಅದೇ ಹೊತ್ತಿಗೆ ಐಸಿಎಂ, ಮಿನಿಆರ್ಟ್ ಎಂಬ ಹೆಸರಾಂತ ಕಿಟ್ ಕಂಪನಿಗಳಿರುವ ಕೀವ್ ನಗರದ ಮೇಲೆ ಕ್ಷಿಪಣಿಗಳು ಬೀಳುತ್ತಿದ್ದವು. ಬರೀ ಪ್ಲಾಸ್ಟಿಕ್ ಎನ್ನುವವರು ಇದನ್ನು ಎಲ್ಲಿ ಇಡುತ್ತಾರೋ!

ಭಾಗಗಳ ಸಂಖ್ಯೆಯ ಹುಚ್ಚನ್ನು ಇಷ್ಟು ಬೈದರೂ, ಟಿ-72ರ ವಿಷಯದಲ್ಲಿ ಒಳಾಂಗಣವಿರುವ ಕಿಟ್‌ಗೆ ನಾನು ವಿನಾಯಿತಿ ಕೊಡುತ್ತೇನೆ. ಈ ಟ್ಯಾಂಕಿನಲ್ಲಿ ಗುಂಡು ತುಂಬುವ ನಾಲ್ಕನೆಯ ಸೈನಿಕ ಇಲ್ಲ, ಆ ಕೆಲಸ ಯಂತ್ರದ್ದು. 22 ಶೆಲ್‌ಗಳು, ಅವುಗಳ ಮದ್ದು, ಟರೆಟ್ಟಿನ ಕೆಳಗೆ ನೆಲದಲ್ಲಿ ತಿರುಗುವ ತಟ್ಟೆಯೊಂದರಲ್ಲಿ ವೃತ್ತಾಕಾರವಾಗಿ ಮಲಗಿರುತ್ತವೆ. ಅದರ ಮೇಲೆ ಇಬ್ಬರು ಕೂರುತ್ತಾರೆ, ಒಬ್ಬ ಕಮಾಂಡರ್, ಇನ್ನೊಬ್ಬ ಗನ್ನರ್. ಏಬ್ರಮ್ಸ್‌ನಲ್ಲಿ ಹೆಚ್ಚಿನ ಮದ್ದುಗುಂಡನ್ನು ಟರೆಟ್ಟಿನ ಹಿಂಭಾಗದಲ್ಲಿ ಉಕ್ಕಿನ ಬಾಗಿಲ ಆಚೆ ಇಟ್ಟಿರುತ್ತಾರೆ, ಸ್ಫೋಟವಾದರೆ ಬೆಂಕಿ ಮೇಲಕ್ಕೆ ಹಾರಿಹೋಗಲಿ ಎಂದು. ಇಲ್ಲಿ ಹಾಗಿಲ್ಲ. ಉಕ್ರೇನಿನ ರಸ್ತೆಬದಿಗಳಲ್ಲಿ ಟರೆಟ್ ಒಂದು ಕಡೆ, ಒಡಲು ಒಂದು ಕಡೆ ಬಿದ್ದಿರುವ ಚಿತ್ರಗಳನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿ ಬೆರಳಿಂದ ಸರಿಸಿದ್ದೇವೆ. ಆ ತಟ್ಟೆಯಲ್ಲಿ ಒಂದೊಂದೇ ಶೆಲ್ಲನ್ನು ಕೈಯಾರೆ ಅಂಟಿಸಿ, ಮೇಲೆ ಎರಡು ಆಸನ ಕೂರಿಸಿದವನಿಗೆ ಆ ಚಿತ್ರ ಅಷ್ಟು ಸಲೀಸಾಗಿ ಸರಿಯುವುದಿಲ್ಲ. 'ಯುದ್ಧ ಕೆಟ್ಟದ್ದು' ಎಂಬ ಮಾತನ್ನು ಹಾಸ್ಟೆಲ್ ಕ್ಯಾಂಟೀನಿನಲ್ಲಿ ಚಹಾ ಹೀರುತ್ತಾ ಹೇಳುವುದಕ್ಕೆ ಏನೂ ಖರ್ಚಿಲ್ಲ. ಯಾರು ಯಾವುದರ ಮೇಲೆ ಕೂತಿದ್ದಾರೆ ಎಂದು ತಿಳಿಯುವುದಕ್ಕೆ ಸ್ವಲ್ಪ ಖರ್ಚಿದೆ.

ಖರ್ಚಿನ ಮಾತು ಬಂತು. ನಮ್ಮ ಸುಂಕದ ಪಟ್ಟಿಯಲ್ಲಿ ಈ ಕಿಟ್‌ಗಳು 9503 ಎಂಬ ಶೀರ್ಷಿಕೆಯಡಿ ಬರುತ್ತವೆ, ಗೊಂಬೆ ಮತ್ತು ಮೂರು ಗಾಲಿಯ ಸೈಕಲ್ ಜತೆಗೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಸಂಶೋಧನಾ ವಿದ್ಯಾರ್ಥಿಯ ಫೆಲೋಶಿಪ್ಪು ಬರುವ ತಿಂಗಳು ಬರುತ್ತದೆ, ಬಾರದ ತಿಂಗಳು ಇಲ್ಲ. ವರ್ಷಕ್ಕೊಂದು ಕಿಟ್ ಕೊಂಡರೆ ಹೆಚ್ಚು. ಅದಕ್ಕೇ ಆಯ್ಕೆಯ ಬಗ್ಗೆ ಇಷ್ಟು ಜಗಳ.

ಟಿ-72ರ ಪರವಾಗಿ ಇನ್ನೊಂದು ಕಾರಣ ನಮ್ಮದೇ. ಅದರ ಎಂ1 ರೂಪವನ್ನು ನಮ್ಮ ಸೈನ್ಯ 'ಅಜೇಯ' ಎಂದು ಕರೆಯುತ್ತದೆ, ಚೆನ್ನೈ ಬಳಿಯ ಆವಡಿಯ ಕಾರ್ಖಾನೆಯಲ್ಲಿ ಪರವಾನಗಿ ಪಡೆದು ಕಟ್ಟಿದ್ದು. ಟರೆಟ್ಟಿನ ಹಿಂಬದಿಗೆ ಒಂದು ದಪ್ಪ ಕೊಳವೆ ಕಟ್ಟಿರುತ್ತಾರೆ. ಹಲವು ಕಿಟ್‌ಗಳಲ್ಲಿ ಅದು ಎರಡು ಹೋಳಾಗಿ ಬರುತ್ತದೆ, ಅಂಟಿಸಿ, ಸಂದು ಕಾಣದಂತೆ ಉಜ್ಜುಕಾಗದ ಹಾಕಬೇಕು. ಬೇಸರದ ಕೆಲಸ. ಅದು ಸ್ನಾರ್ಕೆಲ್, ನೀರಿನಡಿ ಹೋಗುವಾಗ ಉಸಿರಾಡುವ ಕೊಳವೆ. ಎಲ್ಲ ಸಂದುಗಳನ್ನು ಮುಚ್ಚಿ ಸಿದ್ಧಪಡಿಸಿ ಈ ಕೊಳವೆ ನಿಲ್ಲಿಸಿದರೆ ಟಿ-72 ಸುಮಾರು ಐದು ಮೀಟರ್ ಆಳದ ನದಿಯ ತಳದಲ್ಲಿ ಓಡಿ ದಾಟಬಲ್ಲದು. 1/35ರಲ್ಲಿ ಆ ಆಳ 14 ಸೆಂಟಿಮೀಟರ್, ಟ್ಯಾಂಕಿನ ಎತ್ತರ ಆರೂವರೆ.

2024ರ ಜೂನ್ ಕೊನೆಯಲ್ಲಿ ಪೂರ್ವ ಲಡಾಖಿನಲ್ಲಿ, ತರಬೇತಿ ಮುಗಿಸಿ ರಾತ್ರಿ ಹಿಂತಿರುಗುವಾಗ, ಒಂದು ಟಿ-72 ಶ್ಯೋಕ್ ನದಿಯಲ್ಲಿ ಸಿಕ್ಕಿಕೊಂಡಿತು. ನೀರು ಇದ್ದಕ್ಕಿದ್ದಂತೆ ಏರಿತು. ಐವರು ಯೋಧರು ಸತ್ತರು. ಎದುರಿಗೆ ಶತ್ರು ಇರಲಿಲ್ಲ, ಒಂದು ಗುಂಡೂ ಹಾರಿರಲಿಲ್ಲ. ಪತ್ರಿಕೆಗಳಲ್ಲಿ ಎರಡು ದಿನದ ಸುದ್ದಿ.

ಈ ಸಲ ನಾನು ತರಿಸುತ್ತಿರುವುದು ತಮಿಯಾದ ಹಳೆಯ ಟಿ-72ಎಂ1. ಒಳಾಂಗಣದ ಕಿಟ್‌ಗೆ ನನ್ನ ಜೇಬು ಸಾಲದು. ಇದರಲ್ಲಿ ಇಂಥಿಂಥ ತಪ್ಪುಗಳಿವೆ, ಹೊಸ ಚೀನೀ ಕಿಟ್ ತಗೋ ಎಂದು ಹಿರಿಯರೊಬ್ಬರು ಆಗಲೇ ಉದ್ದದ ಪಟ್ಟಿ ಕಳಿಸಿದ್ದಾರೆ. ಅವರ ಪಟ್ಟಿ ಸರಿಯೇ ಇರಬಹುದು. ಆದರೆ ಅದರಲ್ಲಿ ಕೊಳವೆಯ ಮಾತು ಒಂದೇ ಕಡೆ ಬರುತ್ತದೆ, ಅದರ ವ್ಯಾಸ ಅರ್ಧ ಮಿಲಿಮೀಟರ್ ಹೆಚ್ಚಾಗಿದೆಯಂತೆ.