ಲೆಕ್ಕ ಕಂಡರೆ ಸಾಲದು, ತಿಳಿಯಬೇಕು

ಪಂಚಾಯ್ತಿ ಜಮಾಖರ್ಚು 2020ರಿಂದಲೇ ಇ-ಗ್ರಾಮ ಸ್ವರಾಜ್ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತಿದೆ, ಅದನ್ನು ಜನರಿಗೆ, ಮಕ್ಕಳಿಗೆ ಬಿಡಿಸಿ ಹೇಳುವುದು ದಂಡದ ಖರ್ಚು ಎಂಬುದು ಕೆಲವರ ವಾದ. ಸಿಗುತ್ತದೆ, ನಿಜ. ಆದರೆ ತೆಲಂಗಾಣದ ಗಡಿಯ ಮನೂರಿನ ರೈತ ಮೊಬೈಲಿನಲ್ಲಿ ತೆರೆದರೆ ಕಾಣುವುದು ಯೋಜನೆಯ ಹೆಸರು, ವೋಚರ್ ಸಂಖ್ಯೆ, ಮೊತ್ತ. ತನ್ನ ಓಣಿಯ ಮೋರಿಗೆ ಎಷ್ಟು ಹೋಯಿತೆಂದು ಹೆಕ್ಕಲು ಲೆಕ್ಕ ಬಲ್ಲವರೇ ಬೇಕು. 15ನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಇಷ್ಟೂ ತಿಳಿಯದವರು ಒಣಗಿದ ನಳದ ಬಗ್ಗೆ ಗ್ರಾಮಸಭೆಯಲ್ಲಿ ಏನೆಂದು ಕೇಳಿಯಾರು?

ಮಕ್ಕಳಿಗೇಕೆ ಎನ್ನುವವರು ಪಕ್ಕದ ಬೀದರ್ ಕಡೆ ನೋಡಲಿ. ಕರ್ನಾಟಕದ ಪಂಚಾಯ್ತಿಗಳು ಮಕ್ಕಳ ಗ್ರಾಮಸಭೆಯನ್ನೇ ನಡೆಸುತ್ತವೆ. ಖರ್ಚಿನ ನೆಪವೂ ನಿಲ್ಲದು: ಸ್ಥಳೀಯ ಭಾಷೆಯನ್ನು ಗಮನದಲ್ಲಿಟ್ಟು ಮಾಹಿತಿ ಹಂಚಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮೇ ಹೇಳುತ್ತದೆ. ಮನೂರಿಗೆ ಅದು ತೆಲುಗಿನ ಜೊತೆ ಕನ್ನಡದಲ್ಲೂ ಬರಲಿ.