ಇಪ್ಪತ್ತೇಳು ಸೆಂಟಿನ ಸಂಸಾರ

1972ನೆಯ ಇಸವಿ ಡಿಸೆಂಬರ್ 26, ಮಂಗಳವಾರ. ಕ್ರಿಸ್ಮಸ್ ಹಬ್ಬದ ಮರುದಿನ. ಆಸ್ಟ್ರೇಲಿಯದ ಸಿಡ್ನಿ ನಗರಕ್ಕೆ ಬ್ರಿಟನ್ನಿನ ಎಳೆಯ ದಂಪತಿಗಳಿಬ್ಬರು ಬಂದು ಸೇರಿದರು. ಬೆನ್ನಿನ ಮೇಲೆ ಚೀಲ. ಕೈಯಲ್ಲಿ, ಇಬ್ಬರದೂ ಕೂಡಿ, 27 ಸೆಂಟು. ಅಂದಿನ ನಾಣ್ಯಗಳಲ್ಲಿ ಎಣಿಸಿಕೊಳ್ಳುವುದಾದರೆ ಇದಕ್ಕೆ ಮೂರು ಬಿಲ್ಲೆಗಳು ಸಾಕು. ಇಪ್ಪತ್ತು ಸೆಂಟಿನದೊಂದು, ಅದರ ಮೇಲೆ ಬಾತಿನ ಕೊಕ್ಕುಳ್ಳ ಪ್ಲಾಟಿಪಸ್ ಎಂಬ ವಿಚಿತ್ರ ಪ್ರಾಣಿ. ಐದು ಸೆಂಟಿನದೊಂದು, ಅದರ ಮೇಲೆ ಮೈತುಂಬ ಮುಳ್ಳಿನ ಎಕಿಡ್ನ. ಎರಡು ಸೆಂಟಿನದೊಂದು, ಅದರ ಮೇಲೆ ಕೊರಳಿನ ಪೊರೆಯನ್ನು ಕೊಡೆಯಂತೆ ಬಿಚ್ಚುವ ಓತಿ. ಆಗ ಆ ದೇಶದೊಳಗೆ ಒಂದು ಕಾಗದ ಹಾಕಲು ಅಂಚೆವೆಚ್ಚ 7 ಸೆಂಟು. ಮೂರು ಕಾಗದ ಬರೆದರೆ ಉಳಿಯುವುದು ಆರು ಸೆಂಟು. ಬರೆಯೋಣವೆಂದರೆ ಆ ಊರಿನಲ್ಲಿ ತಮ್ಮದೆಂಬ ಮನೆಯೂ ಇಲ್ಲ, ಉದ್ಯೋಗವೂ ಇಲ್ಲ.

ಗಂಡ ಟೋನಿ ವೀಲರ್. ಆತನಿಗೆ 26 ತುಂಬಿ ಇನ್ನೂ ಒಂದು ವಾರವಾಗಿರಲಿಲ್ಲ. ಹೆಂಡತಿ ಮೌರೀನ್, 22ರ ಪ್ರಾಯದವಳು. ಮದುವೆಯಾಗಿ ಒಂದು ವರ್ಷ ಎರಡು ತಿಂಗಳು.

ಇಂಥ ಸುದ್ದಿಯನ್ನು ಓದಿದೊಡನೆ ಮನೆಯ ಹಿರಿಯರು ಕೇಳುವ ಪ್ರಶ್ನೆಯನ್ನು ಊಹಿಸುವುದು ಕಷ್ಟವಲ್ಲ. ಕೊನೆಯ ಕಾಸಿನವರೆಗೆ ಕಳೆದುಕೊಂಡು ಪರದೇಶದ ಬಾಗಿಲಲ್ಲಿ ನಿಲ್ಲುವವರು ಎಂಥ ಜನ? ಮನೆ ಬಿಟ್ಟು ಓಡಿಬಂದವರೆ? ಹೇಳುವವರು ಕೇಳುವವರು ಇಲ್ಲದವರೆ? ಹಾಗೇನೂ ಅಲ್ಲ. ಟೋನಿ ಎಂಜಿನಿಯರಿಂಗ್ ಓದಿ ಮೋಟಾರು ತಯಾರಿಸುವ ಸಂಸ್ಥೆಯಲ್ಲಿ ದುಡಿದು, ಅನಂತರ ಲಂಡನ್ ಬಿಸಿನೆಸ್ ಸ್ಕೂಲಿನಲ್ಲಿ ವಾಣಿಜ್ಯಾಡಳಿತದ ಪದವಿ ಪಡೆದವನು. ಫೋರ್ಡ್ ಕಂಪನಿ ಅವನನ್ನು ಕೆಲಸಕ್ಕೆ ಕರೆದಿತ್ತು. ಒಂದು ವರ್ಷ ಕಳೆದು ಬರುತ್ತೇನೆಂದು ಆ ಕರೆಯನ್ನು ಮುಂದಕ್ಕೆ ಹಾಕಿ ಹೊರಟಿದ್ದ. ಮೌರೀನ್ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದವಳು. ಇಪ್ಪತ್ತರ ವಯಸ್ಸಿನಲ್ಲಿ ಲಂಡನ್ನಿಗೆ ಬಂದವಳು. 1970ರಲ್ಲಿ ರೀಜೆಂಟ್ಸ್ ಪಾರ್ಕಿನ ಬೆಂಚೊಂದು ಇವರ ಪರಿಚಯಕ್ಕೆ ಕಾರಣವಾಯಿತು. ಮರುವರ್ಷ ಅಕ್ಟೋಬರಿನಲ್ಲಿ ಮದುವೆ. ಲೋಕವನ್ನು ಒಮ್ಮೆ ಸುತ್ತಿ ಬಂದುಬಿಟ್ಟರೆ ಅಲೆಯುವ ಆಸೆ ಹಿಂಗುತ್ತದೆ, ಮೇಲೆ ನೆಮ್ಮದಿಯಾಗಿ ಸಂಸಾರ ಹೂಡಬಹುದು ಎಂಬುದು ಇಬ್ಬರ ಲೆಕ್ಕಾಚಾರ. ಲೆಕ್ಕ ಎಷ್ಟು ತಪ್ಪಿತೆಂಬುದು ಮುಂದೆ ತಿಳಿಯುತ್ತದೆ.

ಪ್ರಯಾಣದ ಕಥೆಯನ್ನು ಇಲ್ಲಿ ಚುಟುಕಾಗಿ ಹೇಳಿದರೆ ಸಾಕು. 65 ಪೌಂಡು ಕೊಟ್ಟು ಕೊಂಡ ಹಳೆಯ ಮಿನಿ ವ್ಯಾನಿನಲ್ಲಿ 1972ರ ಬೇಸಗೆಯಲ್ಲಿ ಇಂಗ್ಲೆಂಡಿನಿಂದ ಹೊರಟರು. ಯುರೋಪನ್ನು ದಾಟಿ ತುರ್ಕಿ, ಇರಾನ್, ಆಫ್ಘಾನಿಸ್ತಾನ. ಕಾಬೂಲಿನಲ್ಲಿ ವ್ಯಾನನ್ನು ಮಾರಿದರು. ಮುಂದೆ ಬಸ್ಸು, ರೈಲುಗಳಲ್ಲಿ ಪಾಕಿಸ್ತಾನ, ಭಾರತ, ನೇಪಾಳ. ಬರ್ಮಾ ದೇಶದ ಗಡಿ ಭೂಮಾರ್ಗದ ಪ್ರಯಾಣಿಕರಿಗೆ ಮುಚ್ಚಿದ್ದುದರಿಂದ ಕಲ್ಕತ್ತದಿಂದ ಬ್ಯಾಂಕಾಕಿಗೆ ವಿಮಾನ. ಅಲ್ಲಿಂದ ತೆಂಕಣಕ್ಕೆ ಇಳಿಯುತ್ತ ಮಲೇಷ್ಯ, ಸಿಂಗಪುರ, ಜಾವ, ಬಾಲಿ. ಬಾಲಿಯಲ್ಲಿ ಭೂಮಿ ಮುಗಿಯಿತು, ಹಣವೂ ಮುಗಿಯುತ್ತ ಬಂದಿತ್ತು. ಆಸ್ಟ್ರೇಲಿಯದ ಕಡೆಗೆ ಹೊರಟಿದ್ದ ಹಾಯಿದೋಣಿಯೊಂದರಲ್ಲಿ ಕೈಯಾಳುಗಳಾಗಿ ಸೇರಿಕೊಂಡು, ಆ ಖಂಡದ ವಾಯವ್ಯದ ಅಂಚಿನಲ್ಲಿರುವ ಎಕ್ಸ್‌ಮೌತ್ ಎಂಬ ಸಣ್ಣ ಊರಿನ ಬಳಿ ಇಳಿದರು.

ಎಕ್ಸ್‌ಮೌತಿನಿಂದ ಸಿಡ್ನಿ ಐದು ಸಾವಿರ ಕಿಲೊಮೀಟರಿಗೂ ಹೆಚ್ಚಿನ ಹಾದಿ. ಕಾಶ್ಮೀರದಿಂದ ಕನ್ಯಾಕುಮಾರಿಗಿಂತ ಮಿಗಿಲಾದ ಈ ದೂರವನ್ನು ಅವರು ಹಾದಿಯಲ್ಲಿ ಬರುವ ವಾಹನಗಳಿಗೆ ಕೈಯೊಡ್ಡಿ, ಕೇಳಿಕೊಂಡು ಹತ್ತಿ ಕ್ರಮಿಸಿದರು. ನಡುವೆ ನಲ್ಲರ್‌ಬಾರ್ ಬಯಲು. ಲ್ಯಾಟಿನ್ನಿನಲ್ಲಿ ಆ ಹೆಸರಿಗೆ ‘ಮರವಿಲ್ಲದ್ದು’ ಎಂದು ಅರ್ಥ. ಅಲ್ಲಿ ರಸ್ತೆ ಒಂದು ಕಡೆ ಸುಮಾರು 146 ಕಿಲೊಮೀಟರು ದೂರ ಒಂದು ತಿರುವೂ ಇಲ್ಲದೆ ದಾರ ಹಿಡಿದಂತೆ ಸಾಗುತ್ತದೆ. ಅದಕ್ಕೆ ಪೂರ್ತಿಯಾಗಿ ಡಾಂಬರು ಬಿದ್ದದ್ದು 1976ರಲ್ಲಿ. ಇವರು ಹಾಯ್ದಾಗ ಕೆಲವು ಭಾಗ ಇನ್ನೂ ಧೂಳಿನ ಹಾದಿಯೇ ಆಗಿತ್ತು. ಡಿಸೆಂಬರ್ ಎಂದರೆ ಅಲ್ಲಿ ನಡುಬೇಸಗೆ. ಒಂದು ಲಾರಿ ಹೋದಮೇಲೆ ಇನ್ನೊಂದು ಬರುವವರೆಗೆ ಗಂಡಹೆಂಡಿರಿಗೆ ಪರಸ್ಪರ ಮಾತೇ ಗತಿ, ಇಲ್ಲವೆ ಮೌನವೇ ಗತಿ. ದಾಂಪತ್ಯದ ಹೊಂದಾಣಿಕೆಯನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಸ್ಥಳವನ್ನು ಯಾವ ಜೋಯಿಸನೂ ಸೂಚಿಸಲಾರ.

ಸಿಡ್ನಿಯಲ್ಲಿ ಇವರನ್ನು ಉಳಿಸಿದ್ದು ಯಾವುದು? ಕಥೆ ಹೇಳುವವರೆಲ್ಲ ‘ಧೈರ್ಯ’ ಎನ್ನುತ್ತಾರೆ. ಧೈರ್ಯವಿತ್ತು, ನಿಜ, ಆದರೆ ಧೈರ್ಯವನ್ನು ಒಲೆಯ ಮೇಲಿಟ್ಟರೆ ಅನ್ನವಾಗದು. ಆ ದೇಶದ ಜೀವನಕ್ರಮದಲ್ಲಿ ಅಡಗಿರುವ ಒಂದು ಸಣ್ಣ ಸಂಗತಿಯನ್ನು ಗಮನಿಸಬೇಕು. ನಮ್ಮ ಕಡೆ ಸಂಸಾರದ ಗಡಿಯಾರ ತಿಂಗಳಿಗೊಮ್ಮೆ ಹೊಡೆಯುತ್ತದೆ: ಸಂಬಳ ತಿಂಗಳಿಗೆ, ಬಾಡಿಗೆ ತಿಂಗಳಿಗೆ, ಹಾಲಿನವನ ಲೆಕ್ಕ ತಿಂಗಳಿಗೆ. ಆಸ್ಟ್ರೇಲಿಯದಲ್ಲಿ ಬಹಳ ಮಂದಿಗೆ ಕೂಲಿ ಕೈಸೇರುವುದು ವಾರಕ್ಕೆ, ಇಲ್ಲವೆ ಹದಿನೈದು ದಿನಕ್ಕೆ. ಮನೆಯ ಬಾಡಿಗೆಯನ್ನು ಹೇಳುವುದೂ ವಾರದ ಲೆಕ್ಕದಲ್ಲೇ. ಅಂದರೆ ಬರಿಗೈಯಲ್ಲಿ ಬಂದವನು ಕೆಲಸವೊಂದು ಸಿಕ್ಕಿದರೆ ಏಳೆಂಟು ದಿನ ತಡೆದುಕೊಂಡರೆ ಸಾಕು. ಮೂವತ್ತು ದಿನ ತಡೆಯಬೇಕಾಗಿಲ್ಲ. ಇಪ್ಪತ್ತೇಳು ಸೆಂಟಿಗೂ ಹಸಿವಿಗೂ ನಡುವೆ ಇದ್ದ ಸೇತುವೆ ಅಷ್ಟು ಗಿಡ್ಡದು. ಮೇಲಾಗಿ, ಕೆಲಸ ಕೇಳಿದವರಲ್ಲಿ ಆ ವರ್ಷ ನಿರುದ್ಯೋಗಿಗಳಾಗಿದ್ದವರು ನೂರಕ್ಕೆ ಮೂವರಿಗಿಂತ ಕಡಿಮೆ. ಇಬ್ಬರಿಗೂ ಬೇಗನೆ ಉದ್ಯೋಗ ದೊರಕಿತು. ಕೆಲವು ತಿಂಗಳು ದುಡಿದು, ಕೂಡಿಟ್ಟು, ಊರಿಗೆ ಮರಳುವ ಟಿಕೀಟು ಕೊಳ್ಳುವುದು. ಫೋರ್ಡ್ ಕಂಪನಿಯ ಮೇಜು ಕಾಯುತ್ತಿದೆಯಲ್ಲ.

ಇಬ್ಬರಿಗೂ ಎಂಬ ಮಾತಿನ ಮೇಲೆ ಒಂದು ಕ್ಷಣ ನಿಲ್ಲಬೇಕು. 1966ರವರೆಗೂ ಆಸ್ಟ್ರೇಲಿಯದ ಕೇಂದ್ರ ಸರ್ಕಾರದ ಕಾಯಂ ಹುದ್ದೆಗಳಲ್ಲಿ ಮದುವೆಯಾದ ಹೆಂಗಸಿಗೆ ಸ್ಥಾನವಿರಲಿಲ್ಲ. ತಾಳಿಯಿಲ್ಲದ ಆ ದೇಶದಲ್ಲೂ ಮದುವೆಯ ಮರುದಿನವೇ ಹುದ್ದೆಗೆ ವಿದಾಯ ಹೇಳಬೇಕಾಗಿತ್ತು. ಸಮಾನ ಮೌಲ್ಯದ ಕೆಲಸಕ್ಕೆ ಹೆಣ್ಣಿಗೂ ಗಂಡಿನಷ್ಟೇ ವೇತನ ಸಲ್ಲತಕ್ಕದ್ದೆಂದು ಅಲ್ಲಿನ ಕೇಂದ್ರ ಪಂಚಾಯಿತಿ ಆಯೋಗ ತೀರ್ಪು ಕೊಟ್ಟದ್ದು 1972ರ ಡಿಸೆಂಬರ್ 15ರಂದು. ಮೌರೀನ್ ಸಿಡ್ನಿಗೆ ಕಾಲಿಟ್ಟದ್ದು ಅದಕ್ಕೆ ಹನ್ನೊಂದು ದಿನಗಳ ಮೇಲೆ. ತೀರ್ಪು ಪೂರ್ತಿ ಜಾರಿಗೆ ಬರಲು ಇನ್ನೂ ಎರಡೂವರೆ ವರ್ಷ ಬೇಕಾಯಿತೆನ್ನಿ. ಆದರೂ ಹೆಂಡತಿ ಹೊರೆಯಾಗದೆ ಜೊತೆಯ ಎತ್ತಾಗಿ ನಡೆದ ಸಂಸಾರಕ್ಕೆ ಕಾಲವೂ ತಕ್ಕಮಟ್ಟಿಗೆ ಅನುಕೂಲವಾಗಿ ತಿರುಗಿತ್ತು.

ಇನ್ನೊಂದು ಅನುಕೂಲವನ್ನು ಇಂಥ ಕಥೆಗಳಲ್ಲಿ ಸಾಮಾನ್ಯವಾಗಿ ಯಾರೂ ಎತ್ತಿ ಹೇಳುವುದಿಲ್ಲ. ಅದು ಚೀಲದೊಳಗಿದ್ದ ಪಾಸ್‌ಪೋರ್ಟು. ಬ್ರಿಟಿಷ್ ಪ್ರಜೆ ಮುಂಗಡವಾಗಿ ವೀಸಾ ಪಡೆಯದೆ ಆಸ್ಟ್ರೇಲಿಯಕ್ಕೆ ಬಂದಿಳಿಯುವ ಅವಕಾಶ 1975ರ ಆರಂಭದವರೆಗೂ ಇತ್ತು. ಹಾಯಿದೋಣಿಯಲ್ಲಿ ಬಂದ ಈ ಜೋಡಿಯನ್ನು ‘ಗಂಟೆಷ್ಟಿದೆ ತೋರಿಸಿ’ ಎಂದು ಹಿಂದಕ್ಕೆ ಅಟ್ಟಿದವರಿಲ್ಲ. ಅದೇ ದೋಣಿಯಿಂದ ಬೆಂಗಳೂರಿನ ಒಬ್ಬ ಎಂಜಿನಿಯರನೂ ಅವನ ಹೆಂಡತಿಯೂ ಇಳಿದಿದ್ದರೆ? ಬಿಳಿಯರಿಗೆ ಮಾತ್ರ ಮಣೆ ಹಾಕುವ ವಲಸೆ ನೀತಿಯ ಬಿಗಿ 1966ರಿಂದ ಸಡಿಲವಾಗುತ್ತ ಬಂದಿದ್ದರೂ, ವರ್ಣವನ್ನು ಎಣಿಕೆಗೆ ತೆಗೆದುಕೊಳ್ಳುವುದನ್ನು ಪೂರ್ತಿಯಾಗಿ ಬಿಟ್ಟದ್ದು ವಿಟ್ಲಮ್ ಸರ್ಕಾರ, 1973ರಲ್ಲಿ. ಹಣವಿಲ್ಲದಿರುವುದು ಬೇರೆ, ಬಡತನ ಬೇರೆ. ವೀಲರ್ ದಂಪತಿಗಳಲ್ಲಿ ಹಣವಿರಲಿಲ್ಲ, ಅಷ್ಟೆ. ಪದವಿಯಿತ್ತು, ಭಾಷೆಯಿತ್ತು, ಕೆಲಸ ಕೇಳುವ ಹಕ್ಕಿತ್ತು. ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ಗಾದೆಯನ್ನು ಅವರು ಮೀರಿದಂತೆ ಕಂಡರೂ, ಕಣ್ಣಿಗೆ ಕಾಣದ ಹಾಸಿಗೆಯೊಂದು ಕಾಲ ಕೆಳಗೆ ಹಾಸಿಯೇ ಇತ್ತು. ಇದನ್ನು ಹೇಳಿದರೆ ಅವರ ಸಾಹಸ ಕುಗ್ಗುವುದಿಲ್ಲ. ಅವರನ್ನು ನೋಡಿ ಹೊರಡುವವರಿಗೆ ಲೆಕ್ಕ ಸರಿಹೋಗುತ್ತದೆ.

ಮರಳುವ ಟಿಕೀಟಿನ ಮಾತು ಮಾತಾಗಿಯೇ ಉಳಿಯಿತು. ಇವರು ಭೂಮಾರ್ಗವಾಗಿ ಏಷ್ಯವನ್ನು ದಾಟಿ ಬಂದರೆಂದು ತಿಳಿದವರೆಲ್ಲ ಕೇಳುವುದು ಅವೇ ಪ್ರಶ್ನೆಗಳು: ಹೇಗೆ ಹೋದಿರಿ, ಎಲ್ಲಿ ಮಲಗಿದಿರಿ, ಎಷ್ಟು ಖರ್ಚಾಯಿತು? ಪ್ಯಾಡಿಂಗ್ಟನ್ ಬಡಾವಣೆಯ ನೆಲಮಾಳಿಗೆಯ ಬಿಡಾರದಲ್ಲಿ, ಅಡಿಗೆಯ ಮೇಜಿನ ಮೇಲೆ ಅವರು ಉತ್ತರಗಳನ್ನು ಬರೆಯತೊಡಗಿದರು. ‘ದೇಶ ಸುತ್ತು, ಇಲ್ಲವೆ ಕೋಶ ಓದು’ ಎನ್ನುತ್ತಾರೆ. ಇವರು ದೇಶ ಸುತ್ತಿ ಬಂದು ಕೋಶವನ್ನು ತಾವೇ ಬರೆದರು. 1973ರಲ್ಲಿ ಅಚ್ಚಾದ ‘ಅಕ್ರಾಸ್ ಏಷ್ಯ ಆನ್ ದಿ ಚೀಪ್’ ಎಂಬ ಆ ಪುಸ್ತಿಕೆಗೆ ನೂರು ಪುಟಗಳೂ ಇರಲಿಲ್ಲ. ಬೆಲೆ 1 ಡಾಲರು 80 ಸೆಂಟು. ಹಾಳೆಗಳನ್ನು ಜೋಡಿಸಿ ಪಿನ್ನು ಹೊಡೆದವರು ಅವರೇ. ಅಂಗಡಿಯಿಂದ ಅಂಗಡಿಗೆ ಹೊತ್ತು ಮಾರಿದವರೂ ಅವರೇ. ಮೊದಲ 1,500 ಪ್ರತಿಗಳು ಬಹುಬೇಗ ಖರ್ಚಾದವು. ಪ್ರಕಾಶನಕ್ಕೆ ‘ಲೋನ್ಲಿ ಪ್ಲಾನೆಟ್’ ಎಂದು ಹೆಸರಿಟ್ಟರು. ಒಂದು ಹಾಡಿನಲ್ಲಿದ್ದ ‘ಲವ್ಲಿ’ ಎಂಬ ಮಾತು ಟೋನಿಯ ಕಿವಿಗೆ ‘ಲೋನ್ಲಿ’ ಎಂದು ಬಿದ್ದಿತ್ತಂತೆ; ಸುಂದರ ಗ್ರಹ ಒಂಟಿ ಗ್ರಹವಾಯಿತು. ದಂಪತಿಗಳು ಕೂಡಿ ನಡೆಸಿದ ವ್ಯವಹಾರಕ್ಕೆ ಒಂಟಿತನದ ಹೆಸರು! ಮುಂದೆ ಅದು ಜಗತ್ತಿನ ದೊಡ್ಡ ಪ್ರವಾಸ ಪ್ರಕಾಶನವಾಗಿ ಬೆಳೆದು, 2007ರಲ್ಲಿ ಅದರ ಬಹುಪಾಲು ಬಿ.ಬಿ.ಸಿ.ಯ ವಾಣಿಜ್ಯ ವಿಭಾಗದ ಪಾಲಾಯಿತು. ಅವರು ಹಾದುಬಂದ ಹೆದ್ದಾರಿ ಮಾತ್ರ ಬಹುಕಾಲ ಬಾಳಲಿಲ್ಲ. 1979ರಲ್ಲಿ ಇರಾನಿನ ಕ್ರಾಂತಿ, ಅದೇ ವರ್ಷದ ಕೊನೆಗೆ ಆಫ್ಘಾನಿಸ್ತಾನಕ್ಕೆ ಸೋವಿಯತ್ ಸೈನ್ಯದ ಪ್ರವೇಶ, ಎರಡೂ ಸೇರಿ ಅದನ್ನು ಮುಚ್ಚಿದವು.

ಈಗ ಕನ್ನಡನಾಡಿನ ಮನೆಗಳಲ್ಲೂ ಇಂಥ ಮಾತು ಕೇಳಿಬರುತ್ತಿದೆ. ಮದುವೆಯಾಗಿ ವರ್ಷವಾಗಿಲ್ಲ, ಮಗನೂ ಸೊಸೆಯೂ ಕೂಡಿ ಒಂದು ವರ್ಷ ಆಸ್ಟ್ರೇಲಿಯದಲ್ಲಿ ತಿರುಗುತ್ತೇವೆ, ತಿರುಗುತ್ತಲೇ ಕೆಲಸ ಮಾಡುತ್ತೇವೆ ಎನ್ನುತ್ತಾರೆ. ಬಾಗಿಲು ತೆರೆದಿರುವುದು ನಿಜ. ರಜೆಯನ್ನೂ ದುಡಿಮೆಯನ್ನೂ ಕೂಡಿಸಿದ ವೀಸಾ ಭಾರತೀಯರಿಗೆ 2024ರಲ್ಲಿ ಆರಂಭವಾಯಿತು. 18ರಿಂದ 30ರ ವಯಸ್ಸಿನವರಿಗೆ, ವರ್ಷಕ್ಕೆ 1,000 ಮಂದಿಗೆ. ಇಂಗ್ಲಿಷ್ ಬರಬೇಕು, ಪ್ರೌಢಶಿಕ್ಷಣದ ಮೇಲೆ ಎರಡು ವರ್ಷವಾದರೂ ಓದಿರಬೇಕು. ಒಬ್ಬನೇ ಧಣಿಯ ಬಳಿ ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ಕಾಲ ದುಡಿಯುವಂತಿಲ್ಲ. ಕೈಯಲ್ಲಿ ಸುಮಾರು 5,000 ಆಸ್ಟ್ರೇಲಿಯನ್ ಡಾಲರು ಇರುವುದಾಗಿ ತೋರಿಸಬೇಕು. ಮರಳುವ ಪ್ರಯಾಣದ ವೆಚ್ಚ ಬೇರೆ. 27 ಸೆಂಟಿನ ಕಾಲ ಹೋಯಿತು.

ಆ ಐದು ಸಾವಿರ ಕೇವಲ ಅಧಿಕಾರಿಗಳ ಕಣ್ಣಿಗೆ ತೋರಿಸುವ ಹಣವೆಂದು ತಿಳಿದವರು ಮೊದಲ ಹದಿನೈದು ದಿನದಲ್ಲೇ ಎಚ್ಚರಗೊಳ್ಳುತ್ತಾರೆ. ಸಿಡ್ನಿಯಿರುವ ನ್ಯೂ ಸೌತ್ ವೇಲ್ಸ್ ಪ್ರಾಂತದಲ್ಲಿ ಮನೆ ಹಿಡಿದರೆ ನಾಲ್ಕು ವಾರದ ಬಾಡಿಗೆಯವರೆಗೆ ಠೇವಣಿ, ಎರಡು ವಾರದ್ದು ಮುಂಗಡ. ತೆರಿಗೆಯ ಸಂಖ್ಯೆಯನ್ನು ಪಡೆಯದೆ ಕೆಲಸಕ್ಕೆ ನಿಂತರೆ ಕೂಲಿಯಲ್ಲಿ ಹೆಚ್ಚಿನ ಭಾಗ ತೆರಿಗೆಗೆ ಕಡಿತವಾಗುತ್ತದೆ. ದೊರೆಯುವ ಕೆಲಸವೂ ಓದಿಗೆ ತಕ್ಕದ್ದೇ ಆಗಬೇಕೆಂದಿಲ್ಲ. ಹೋಟೆಲಿನಲ್ಲಿ ತಟ್ಟೆ ತೊಳೆಯುವುದು, ತೋಟದಲ್ಲಿ ಹಣ್ಣು ಕೀಳುವುದು. ಕಿತ್ತ ಬುಟ್ಟಿಗಿಷ್ಟು ಎಂದು ಕೂಲಿ ಕೊಟ್ಟು ದಿನವಿಡೀ ದುಡಿಸಿಕೊಳ್ಳುವ ಅನ್ಯಾಯಕ್ಕೆ ಕಡಿವಾಣ ಹಾಕಿ, ಗಂಟೆಗಿಂತಿಷ್ಟಕ್ಕೆ ಕಡಿಮೆಯಾಗಕೂಡದೆಂಬ ನಿಯಮ 2022ರ ಏಪ್ರಿಲಿನಲ್ಲಿ ಬಂದಿದೆ. ಎಂಜಿನಿಯರ್ ಮಗ ಅಲ್ಲಿ ಕಿತ್ತಳೆ ಕೀಳುತ್ತಾನೆಂದು ನೆರೆಮನೆಯವರಿಗೆ ಹೇಳುವುದು ಹೇಗೆಂಬ ಚಿಂತೆಯನ್ನು ತಾಯ್ತಂದೆಗಳು ಮೊದಲೇ ತೀರಿಸಿಕೊಳ್ಳುವುದು ಮೇಲು. ಅವನಿಗಂತೂ ಆ ಚಿಂತೆಗೆ ಬಿಡುವಿರುವುದಿಲ್ಲ.

ಒಂದು ತೊಡಕು ಉಳಿದೇ ಇದೆ. ಬಯಸುವವರು ಸಾವಿರಕ್ಕಿಂತ ಬಹಳ ಹೆಚ್ಚಾದುದರಿಂದ ಆಯ್ಕೆ ನಡೆಯುವುದು ಚೀಟಿ ಎತ್ತುವ ಕ್ರಮದಲ್ಲಿ. ಈ ವೀಸಾದಲ್ಲಿ ಹೆಂಡತಿ ಗಂಡನ ಅವಲಂಬಿತಳೆಂದಾಗಲಿ, ಗಂಡ ಹೆಂಡತಿಯ ಅವಲಂಬಿತನೆಂದಾಗಲಿ ಸೇರಲು ಎಡೆಯಿಲ್ಲ. ಇಬ್ಬರೂ ತಲಾ 25 ಡಾಲರು ಕಟ್ಟಿ, ಎರಡು ಬೇರೆ ಬೇರೆ ಚೀಟಿಗಳಾಗಿ ಆ ಡಬ್ಬಿಯೊಳಗೆ ಬೀಳಬೇಕು. ಟೋನಿಗೆ ಬಂದು ಮೌರೀನಳಿಗೆ ಬಾರದಿದ್ದರೆ ಏನು ಮಾಡುತ್ತಿದ್ದರೋ. ಹೊರಡಲಿರುವ ಇಂದಿನ ಜೋಡಿಗಳು ಹಣ ಕಟ್ಟುವ ಮುನ್ನವೇ ಅದನ್ನು ತಮ್ಮೊಳಗೆ ಮಾತನಾಡಿಕೊಂಡಿರಬೇಕಾಗಿದೆ.