ಕೈಯ ಕುಶಲವೂ ಜಿಗ್ಗಿನ ಕಟ್ಟೂ

ಕತ್ತಿಯ ಅಲಗಿಗೆ ಓರೆ ಕೊಡುವಾಗ, ಅಂದರೆ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಉಕ್ಕನ್ನು ಇಳಿಜಾರಾಗಿ ಉಜ್ಜಿ ತೆಗೆಯುವಾಗ, ಅಲಗನ್ನು ಬರಿಗೈಯಲ್ಲಿ ಹಿಡಿದೇ ಸಾಣೆಗೆ ಒಡ್ಡಬೇಕೋ, ಅಥವಾ ಕೋನವನ್ನು ಮೊದಲೇ ಗೊತ್ತುಮಾಡಿದ ಕಬ್ಬಿಣದ ಕಟ್ಟೊಂದಕ್ಕೆ ಬಿಗಿದು ಒಡ್ಡಬಹುದೋ ಎಂಬ ವಿವಾದವು ಕತ್ತಿ ಮಾಡುವವರ ನಡುವೆ ಇನ್ನೂ ಬಗೆಹರಿದಿಲ್ಲ. ಈ ಕಟ್ಟಿಗೆ ಕಾರ್ಖಾನೆಯವರು ಜಿಗ್ ಎನ್ನುತ್ತಾರೆ. ಬರಿಗೈಯ ಪಕ್ಷದವರ ಆಕ್ಷೇಪ ಕೇವಲ ತಾಂತ್ರಿಕವಾದುದಲ್ಲ. ಕೋನವನ್ನು ಕಬ್ಬಿಣ ಹಿಡಿದಿರುವಾಗ ಕತ್ತಿಯನ್ನು ಮಾಡಿದವನು ನೀನು ಹೇಗಾದೆ ಎಂದು ಅವರು ಕೇಳುತ್ತಾರೆ. ಕುಶಲಕರ್ಮಿಯಿಂದ ಉಪಕರಣದ ನಿಖರತೆಯನ್ನು ಬಯಸುವವರು ಅವನನ್ನೇ ಉಪಕರಣವನ್ನಾಗಿ ಮಾಡುತ್ತಾರೆಂದು ಜಾನ್ ರಸ್ಕಿನ್ 1853ರಲ್ಲಿ, ಗಾಥಿಕ್ ಶೈಲಿಯ ಸ್ವರೂಪವನ್ನು ವಿವೇಚಿಸುವಾಗ ವಾದಿಸಿದ್ದರ ಪ್ರತಿಧ್ವನಿ ಈ ಪ್ರಶ್ನೆಯಲ್ಲಿ ಇರುವುದರಿಂದ, ಇದನ್ನು ಹವ್ಯಾಸಿಗಳ ಜಗಳವೆಂದು ತಳ್ಳಿಹಾಕಲಾಗದು.

ಆದರೆ ಬರಿಗೈ ಎಂಬುದು ಎಷ್ಟರಮಟ್ಟಿಗೆ ಬರಿದು? ಫ್ರಾನ್ಸಿನ ತಿಯೆರ್ ಪಟ್ಟಣದಲ್ಲಿ, ದ್ಯುರೋಲ್ ನದಿಯ ನೀರಿನ ಬಲದಿಂದ ತಿರುಗುತ್ತಿದ್ದ ಸಾಣೆಕಲ್ಲುಗಳ ಮೇಲ್ಗಡೆ ಹಲಗೆ ಹಾಕಿಕೊಂಡು, ಅದರ ಮೇಲೆ ಬೋರಲು ಮಲಗಿ, ಚಳಿಗೆಂದು ಕಾಲಮೇಲೊಂದು ನಾಯಿಯನ್ನೂ ಮಲಗಿಸಿಕೊಂಡು ಅಲಗುಗಳನ್ನು ಕಲ್ಲಿಗೊತ್ತುತ್ತಿದ್ದ ಸಾಣೆಗಾರರ ಕೈಯನ್ನು ಬರಿಗೈಯೆಂದೇ ಎಲ್ಲರೂ ಕರೆದಾರು. ಆದರೂ ಮೈಯ ಭಾರವನ್ನೆಲ್ಲ ತಾನು ಹೊತ್ತು, ಅಲುಗಾಟವನ್ನು ತೋಳುಗಳಿಗಷ್ಟೇ ಉಳಿಸುತ್ತಿದ್ದ ಆ ಹಲಗೆ ಒಂದು ಕಟ್ಟಲ್ಲದೆ ಮತ್ತೇನು? ಇಂದಿನ ಬೆಲ್ಟ್ ಗ್ರೈಂಡರಿನ ಮುಂದೆ ಮೊಣಕೈಗಳನ್ನು ಪಕ್ಕೆಗೆ ಅವುಚಿ, ಉಸಿರು ಬಿಗಿಹಿಡಿದು, ಸೊಂಟದಿಂದ ಮಾತ್ರ ತೂಗುವವನೂ ತನ್ನ ಎಲುಬುಗಳಿಂದಲೇ ಜಿಗ್ಗೊಂದನ್ನು ಕಟ್ಟಿಕೊಂಡಿರುತ್ತಾನೆ.

ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡೇವಿಡ್ ಪೈ ಅವರು 1968ರ ತಮ್ಮ ಗ್ರಂಥದಲ್ಲಿ, ಕೈಗೂ ಯಂತ್ರಕ್ಕೂ ನಡುವೆ ಗೆರೆಯೆಳೆಯುವ ವಾಡಿಕೆಯನ್ನು ಬಿಟ್ಟು, ಮುಗಿಯುವ ಕ್ಷಣದವರೆಗೂ ಕೆಡುವ ಸಂಭವವಿರುವ ಕೆಲಸವೊಂದು, ಫಲವು ಮೊದಲೇ ನಿಶ್ಚಿತವಾಗಿರುವ ಕೆಲಸವೊಂದು ಎಂದು ವಿಂಗಡಿಸಿದರು. ಲೇಖನಿಯ ಬರಹ ಮೊದಲನೆಯದಕ್ಕೆ, ಅಚ್ಚಿನ ಬರಹ ಎರಡನೆಯದಕ್ಕೆ ಅವರ ಉದಾಹರಣೆ. ಇವೆರಡರ ನಡುವಿನ ಮೆಟ್ಟಿಲುಗಳನ್ನು ಕಾಣಲು ನಾವು ನಮ್ಮ ಅಂಗಳವನ್ನು ದಾಟಬೇಕಾಗಿಲ್ಲ. ಚುಕ್ಕಿಯಿಟ್ಟು ಎಳೆದ ರಂಗೋಲಿಯಲ್ಲಿ ಚುಕ್ಕಿಗಳು ಕೈಗೆ ದಾರಿ ತೋರುತ್ತವೆ, ಎಳೆ ಮಾತ್ರ ತಪ್ಪಬಹುದು. ತೂತು ಕೊರೆದ ಕೊಳವೆಗೆ ಪುಡಿ ತುಂಬಿ ಉರುಳಿಸಿದರೆ ತಪ್ಪುವುದಕ್ಕೆ ಏನೂ ಉಳಿಯುವುದಿಲ್ಲ. ಚುಕ್ಕಿಯಿಟ್ಟವಳನ್ನು ರಂಗೋಲಿ ಬಾರದವಳೆಂದು ಯಾರೂ ಹೇಳರು. ಹಾಗಾದರೆ ಅಲಗಿನ ಜಿಗ್ಗು ಚುಕ್ಕಿಯೋ, ಕೊಳವೆಯೋ?

ನಾನು ಕಂಡುಕೊಂಡದ್ದು ಕೈ ಸುಟ್ಟುಕೊಂಡೇ. 4 ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿಯಿಂದ ಚೂರಿಯೊಂದನ್ನು ಮಾಡಹೊರಟಿದ್ದೆ. ಉಕ್ಕನ್ನು ಕಾಯಿಸಿ ಎಣ್ಣೆಯಲ್ಲಿ ಅದ್ದುವಾಗ ತೆಳುವಾದ ಬಾಯಿ ಸೊಟ್ಟಗಾಗುವುದರಿಂದ ಅಲ್ಲಿ ಅರ್ಧ ಮಿಲಿಮೀಟರ್ ಉಳಿಸಬೇಕು; ಹಾಗೆ ಉಳಿಸಿ ಓರೆಯನ್ನು 20 ಮಿಲಿಮೀಟರ್ ಎತ್ತರಕ್ಕೆ ಒಯ್ಯಬೇಕಾದರೆ ಮಗ್ಗುಲೊಂದಕ್ಕೆ 5 ಡಿಗ್ರಿಯ ಕೋನ ಬರುತ್ತದೆ. ಅಷ್ಟಕ್ಕೆ ಜಿಗ್ಗನ್ನು ಹೊಂದಿಸಿ ಅಲಗನ್ನು ಅತ್ತಿತ್ತ ಜಾರಿಸಿದಾಗ, ಬರಿಗೈಯಲ್ಲಿ ವರ್ಷವಿಡೀ ಶ್ರಮಿಸಿದರೂ ನನಗೆ ಒಲಿಯದ ನೇರಗೆರೆ ಅರ್ಧ ಗಂಟೆಯಲ್ಲಿ ಒಲಿಯಿತು. ತುದಿಯ ಬಳಿ, ಬಾಯಿ ಬೆನ್ನಿನತ್ತ ಬಾಗುವ ಎಡೆಯಲ್ಲಿ ಮಾತ್ರ ಸಂಗತಿ ಬೇರೆಯಾಯಿತು. ಜಿಗ್ಗು ಬಲ್ಲದ್ದು ಒಂದೇ ಸಮತಲವನ್ನು. ಬಾಯಿ 8 ಮಿಲಿಮೀಟರಿನಷ್ಟು ಮೇಲೇರಿದ ಕಡೆ ಆ ಸಮತಲವು ಉಳಿಸಿದ ದಪ್ಪ ಹೆಚ್ಚುಕಡಿಮೆ 2 ಮಿಲಿಮೀಟರ್. ಅಂಥ ಬಾಯಿಂದ ಬದನೆಕಾಯಿಯನ್ನು ಹಿಚುಕಬಹುದೇ ಹೊರತು ಹೆಚ್ಚಲಾಗದು. ಬರಿಗೈಯವನಾದರೋ ಅಲ್ಲಿ ಹಿಡಿಯನ್ನು ಮೆಲ್ಲನೆ ತಿರುಗಿಸುತ್ತ, ಬಾಗಿನ ಒಂದೊಂದು ಅಂಶವನ್ನೂ ಸಾಣೆಗೆ ಎದುರಾಗಿ ತರುತ್ತಾನೆ.

ಎರಡನೆಯ ಪಾಠ ಇದಕ್ಕಿಂತ ಸೂಕ್ಷ್ಮವಾದುದು. ಹದ ಕೊಟ್ಟ ಮೇಲೆ ಉಜ್ಜುವವನು ಅಲಗನ್ನು ಬರಿಬೆರಳಿನಲ್ಲಿ ಹಿಡಿದಿದ್ದರೆ, ಕಾವು ಉಕ್ಕನ್ನು ಕೆಡಿಸುವುದಕ್ಕೆ ಬಹಳ ಮೊದಲೇ ಬೆರಳು ಚುರುಗುಟ್ಟಿ ಅವನು ಅದನ್ನು ನೀರಿಗೆ ಅದ್ದುತ್ತಾನೆ. ಜಿಗ್ಗಿನ ಹಿಡಿಕೆಯನ್ನು ಹಿಡಿದ ನನ್ನ ಬೆರಳುಗಳು ಉಕ್ಕಿನಿಂದ ಗೇಣು ದೂರದಲ್ಲಿ ತಣ್ಣಗಿದ್ದವು. ಸುಮಾರು 200 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಹದಗೊಂಡಿದ್ದ ನನ್ನ ಅಲಗಿನ ತುದಿ ನೋಡನೋಡುತ್ತ ನೀಲಿಗಟ್ಟಿತು; ಆ ನೀಲಿ ಏಳುವುದು 300ರ ಆಸುಪಾಸಿನಲ್ಲಿ, ಎಂದರೆ ಕಾಠಿಣ್ಯವು ಕರಗಿಹೋದ ಮೇಲೆ.

ಜಿಗ್ಗು ಕೌಶಲವನ್ನು ಕೊಲ್ಲುತ್ತದೆಂಬ ಮಾತನ್ನು ಇಷ್ಟಾದರೂ ನಾನು ಒಪ್ಪಲಾರೆ. ಕೋನದ ನಿರ್ಣಯವನ್ನು ಅದು ಕೆಲಸದ ನಡುವಿನಿಂದ ಕೆಲಸದ ಮೊದಲಿಗೆ ಸರಿಸುತ್ತದೆ, ಅಷ್ಟೆ. ಯೋಚಿಸುವವನು ಆಗಲೂ ಒಬ್ಬನು ಬೇಕು. ಅದನ್ನು ತಾನೇ ಕಟ್ಟಿದವನಿಗೆ ಅದು ಚುಕ್ಕಿ, ಏಕೆಂದರೆ ಅದು ಯಾವ ಊಹೆಯ ಮೇಲೆ ನಿಂತಿದೆಯೆಂಬುದೂ, ಆ ಊಹೆ ಎಲ್ಲಿ ಮುಗಿಯುತ್ತದೆಂಬುದೂ ಅವನಿಗೆ ಗೊತ್ತು; ಅಂಗಡಿಯಿಂದ ತಂದು ಬಿಗಿದು, ಬಂದ ಅಲಗನ್ನು ಬಂದಂತೆ ಒಪ್ಪುವವನಿಗೆ ಅದು ಕೊಳವೆ. ಬರಿಗೈಯವರ ಆಕ್ಷೇಪ ತಗಲುವುದು ಈ ಎರಡನೆಯವನಿಗೆ, ಅದೂ ಜಿಗ್ಗಿನ ದೆಸೆಯಿಂದಲ್ಲ.

ಈಗ ನಾನು ನೇರಭಾಗದ ಒರಟು ಕೆಲಸವನ್ನು ಜಿಗ್ಗಿಗೆ ಬಿಡುತ್ತೇನೆ. ಬಾಗು ಬಂದಾಗ ತಿರುಪು ಸಡಿಲಿಸುತ್ತೇನೆ. ಹದವಾದ ಉಕ್ಕಿಗೆ ಬೆರಳುಗಳೇ. ಅಂದಹಾಗೆ ಆ ಜಿಗ್ಗನ್ನು ಅರದಿಂದ ಉಜ್ಜಿ ಮಾಡಿದ್ದು ನನ್ನ ಕೈಯೇ ಆದುದರಿಂದ ಅದರಲ್ಲಿ ಅರ್ಧ ಡಿಗ್ರಿಯ ಐಬಿದೆ. ಅಲಗಿನ ಹಿಂದೆ ಕಾಗದದ ಚೂರೊಂದನ್ನು ಮಡಿಸಿಟ್ಟು ಅದನ್ನು ಸರಿದೂಗಿಸುತ್ತೇನೆ. ಮಡಿಕೆ ಎರಡೋ ಮೂರೋ ಎಂಬುದನ್ನು ಗೊತ್ತುಮಾಡುವುದು ಅಲಗನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ.